ಕುಮರಿ ಬೇಸಾಯವೂ ಉಪಗ್ರಹಚಿತ್ರಗಳ ಸಾಕ್ಷ್ಯವೂ

ಬೀದರ ಸೀಮೆಯ ಬೇಮಳಖೇಡದಂತಹ ಬಯಲುನಾಡಿನ ಊರುಗಳಲ್ಲಿ ಹೊಲವು ನಿಂತಲ್ಲಿಯೇ ನಿಂತಿರುವುದು. ಬೆಳೆ ಮಾತ್ರ ಬದಲಾಗುವುದು. ಸಹ್ಯಾದ್ರಿಯ ಕುಮರಿ ಬೇಸಾಯದಲ್ಲಾದರೋ ಹೊಲವೇ ಸ್ಥಳಾಂತರ ಹೊಂದುತ್ತಿದ್ದಿತು. ಕಾಡಿನ ಒಂದು ತುಂಡನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿ ಮುಂತಾದುವನ್ನು ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದ ಬಳಿಕ ಆ ನೆಲವನ್ನು ಅನೇಕ ವರ್ಷ ಕಾಡಿಗೇ ಬಿಟ್ಟುಕೊಡುತ್ತಿದ್ದರು. ಈ ಪದ್ಧತಿಯ ಚರಿತ್ರೆಗೆ ಉಪಗ್ರಹಚಿತ್ರಗಳು ಎಷ್ಟರಮಟ್ಟಿಗೆ ಆಧಾರವಾಗಬಲ್ಲವೆಂಬುದು ಇಲ್ಲಿ ವಿಚಾರಣೀಯ.

ಕನ್ನಡ ಜಿಲ್ಲೆಯ ಕುಮರಿಯನ್ನು 1801ರಲ್ಲಿ ಅಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ವರ್ಣಿಸಿರುವನು. 1860ರಲ್ಲಿ ಮದರಾಸು ಸರಕಾರವು ಅನುಮತಿಯಿಲ್ಲದೆ ಸರಕಾರಿ ಕಾಡುಗಳಲ್ಲಿ ಕುಮರಿ ಮಾಡಕೂಡದೆಂದು ವಿಧಿಸಿತು. ಅಲ್ಲಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ 1861ರ ತನ್ನ ಗ್ರಂಥದಲ್ಲಿ ಈ ಬೇಸಾಯವನ್ನು ಕಾಡಿನ ನಾಶಕ್ಕೆ ಕಾರಣವೆಂದು ಖಂಡಿಸಿದನು.

ಮೊದಲನೆಯ ಲ್ಯಾಂಡ್‌ಸ್ಯಾಟ್ ಉಪಗ್ರಹವು ಮೇಲೇರಿದುದು 1972ರಲ್ಲಿ. ಅಷ್ಟರೊಳಗೆ ಕನ್ನಡನಾಡಿನ ಕುಮರಿ ಬಹುಮಟ್ಟಿಗೆ ಅಳಿದಿದ್ದಿತು. ಉಳಿದುದನ್ನು ಕಾಣುವುದೂ ಸುಲಭವಾಗಿರಲಿಲ್ಲ. ಆ ಚಿತ್ರದ ಒಂದೊಂದು ಚುಕ್ಕೆಯೂ ಸುಮಾರು 80 ಮೀಟರ್ ಚೌಕದ ನೆಲ, ಎಂದರೆ ಒಂದೂವರೆ ಎಕರೆಗೂ ಮಿಕ್ಕುದು. ಎಕರೆಯಷ್ಟು ಕುಮರಿ ಅದರಲ್ಲಿ ಕರಗಿಹೋಗುವುದು. 2015ರಲ್ಲಿ ಹಾರಿದ ಸೆಂಟಿನೆಲ್-2ರ ಚುಕ್ಕೆ 10 ಮೀಟರಿನದು. ಅಷ್ಟೇ ನೆಲವು ಅದರಲ್ಲಿ ಸುಮಾರು ನಲವತ್ತು ಚುಕ್ಕೆಗಳಾಗಿ ತೋರುವುದು.

ಆದರೆ ಸೂಕ್ಷ್ಮತೆಗಿಂತ ಅನುಕ್ರಮವೇ ಮುಖ್ಯ. ಸುಟ್ಟ ನೆಲ ಚಿತ್ರದಲ್ಲಿ ಕಪ್ಪಾಗಿಯೂ, ಹಸುರೆಲೆ ಅವರಕ್ತ ಕಿರಣದಲ್ಲಿ ಉಜ್ಜ್ವಲವಾಗಿಯೂ ಕಾಣುವುವು. ಒಂದೇ ವರ್ಷದ ಚಿತ್ರವನ್ನು ನೋಡಿದವನಿಗೆ ಕಡಿದ ಕಾಡು ನಾಶವೆಂದೂ, ಬೀಳುಬಿಟ್ಟ ಕುಮರಿ ಯಾರದೂ ಅಲ್ಲದ ಅಡವಿಯೆಂದೂ ತೋರುವುದು. ಹಲವು ವರ್ಷಗಳ ಚಿತ್ರಗಳನ್ನು ಸಾಲಾಗಿ ಇಟ್ಟಾಗಲೇ ಆವರ್ತನವು ಗೋಚರವಾಗುವುದು. ಬೀಳಿನ ಅವಧಿ ಕುಗ್ಗಿತೋ ಇಲ್ಲವೋ ಎಂಬುದೂ ಆಗಲೇ ನಿರ್ಣಯವಾಗುವುದು. ಈಶಾನ್ಯ ಭಾರತದ ಝೂಮ್ ಬೇಸಾಯವನ್ನು ಹೀಗೆಯೇ ಪರಿಶೀಲಿಸುವರು.

ಈ ವಿವೇಚನೆ ಕೇವಲ ಶಾಸ್ತ್ರಕೌತುಕವಲ್ಲ. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾದ ಮೇಲೆ ಸೋಲಿಗರ ಸ್ಥಳಾಂತರ ಬೇಸಾಯ ನಿಂತಿತು. 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಅವರ ಸಾಮುದಾಯಿಕ ಹಕ್ಕುಗಳು 2011ರಲ್ಲಿ ಮಾನ್ಯವಾದುವು. 2012ರಲ್ಲಿ ತಿದ್ದಿದ ನಿಯಮಗಳು ಉಪಗ್ರಹಚಿತ್ರವು ಇತರ ಸಾಕ್ಷ್ಯಗಳಿಗೆ ಪೂರಕವೇ ಹೊರತು ಅವುಗಳಿಗೆ ಬದಲಲ್ಲವೆಂದು ಸ್ಪಷ್ಟಪಡಿಸುತ್ತವೆ. ಚರಿತ್ರಕಾರನಿಗೂ ಇದೇ ನಿಯಮ ಸಲ್ಲುವುದು. ಚಿತ್ರವು ನೆಲದ ಬಣ್ಣವನ್ನು ಹೇಳಬಲ್ಲುದು. ಆ ನೆಲ ಯಾರ ಬೀಳೆಂಬುದನ್ನು ಕಡತಗಳೂ, ಊರ ಹಿರಿಯರ ನೆನಪುಗಳೂ ಹೇಳಬೇಕು.