ಸೋಸಲೆ ಹತ್ರ ಹೊಳೆ ದಾಟಿದ ಎತ್ತುಗಳು

ಇವತ್ತಿನ ಕತೆ ನಮ್ಮ ತಿ. ನರಸೀಪುರದ ಪಕ್ಕದ್ದು. ಆದರೆ ಶುರು ಮಾಡೋದು ನಂಜನಗೂಡಿಂದ, ಯಾಕಂದ್ರೆ ನಾನು ಓದಿದ್ದು ಅಲ್ಲಿ.

ಬಿಕಾಂ ಕೊನೇ ವರ್ಷ ನಮಗೆ ಆಪರೇಷನ್ಸ್ ಮತ್ತು ಲಾಜಿಸ್ಟಿಕ್ಸ್ ಅಂತ ಒಂದು ಪೇಪರ್ ಇತ್ತು. ಪುಸ್ತಕದಲ್ಲಿದ್ದ ಉದಾಹರಣೆ ಎಲ್ಲ ಟೊಯೋಟಾ, ವಾಲ್‌ಮಾರ್ಟ್, ಜಾಸ್ತಿ ಅಂದ್ರೆ ಮುಂಬೈ ಡಬ್ಬಾವಾಲಾಗಳು. ಲೀಡ್ ಟೈಮ್, ಬಾಟಲ್‌ನೆಕ್, ಸೇಫ್ಟಿ ಸ್ಟಾಕ್, ಎಲ್ಲ ಬಾಯಿಪಾಠ. ಪರೀಕ್ಷೆ ಬರೆದೆ, ಪಾಸಾದೆ, ಮರೆತೆ. ಮುಂದೆ ಒಂದಿನ ಸುಮ್ಮನೆ ಮೈಸೂರು ಯುದ್ಧಗಳ ಬಗ್ಗೆ ಓದ್ತಾ ಇದ್ದಾಗ ಒಂದು ಊರಿನ ಹೆಸರು ಕಣ್ಣಿಗೆ ಬಿತ್ತು: ಸೋಸಲೆ. ನಮ್ಮ ಸೋಸಲೆನಾ? ಹೌದು, ನರಸೀಪುರದ ಸೋಸಲೆನೇ. ಆ ಪೇಪರ್ ನನಗೆ ನಿಜವಾಗಿ ಅರ್ಥ ಆಗಿದ್ದು ಆ ದಿನ.

ಮೊದಲು ಒಂದು ಲೆಕ್ಕ ಹಾಕೋಣ. ಇದು ನನ್ನ ಅಂದಾಜಿನ ಲೆಕ್ಕ, ಕಾಮರ್ಸ್ ಹುಡುಗರ ಚಾಳಿ. ಒಂದು ಸೈನ್ಯದಲ್ಲಿ 20,000 ಜನ ಇದಾರೆ, ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಕೆಜಿ ಅಕ್ಕಿ ಅಂತ ಇಟ್ಕೊಳ್ಳಿ. ದಿನಕ್ಕೆ 10,000 ಕೆಜಿ ಆಯ್ತು. ಒಂದು ಎತ್ತು ಬೆನ್ನ ಮೇಲೆ 70 ಕೆಜಿ ಹೊರುತ್ತೆ ಅಂದ್ರೆ, ಒಂದು ದಿನದ ಅಕ್ಕಿಗೇ 140ಕ್ಕಿಂತ ಹೆಚ್ಚು ಎತ್ತು ಬೇಕು. ಒಂದು ತಿಂಗಳಿಗೆ ಸುಮಾರು 4,300. ಇದು ಬರೀ ಸಿಪಾಯಿಗಳ ಅಕ್ಕಿ. ಫಿರಂಗಿ, ಗುಂಡು, ಡೇರೆ ಎಳೆಯೋ ಎತ್ತುಗಳು ಬೇರೆ. ಸೈನ್ಯದ ಹಿಂದೆ ಬರೋ ಕೂಲಿಗಳು, ವ್ಯಾಪಾರಿಗಳು, ಅವರ ಸಂಸಾರ, ಅವರ ಹೊಟ್ಟೆ ಬೇರೆ.

ಈಗ ಅಸಲಿ ಸಮಸ್ಯೆ ಕೇಳಿ. ಎತ್ತೂ ತಿನ್ನಬೇಕಲ್ಲ? ದಿನಕ್ಕೆ 10 ಕೆಜಿ ಮೇವು ಅಂದ್ರೂ, ತಾನು ಹೊರೋ ಅಷ್ಟು ಭಾರದ ಮೇವನ್ನ ಒಂದೇ ವಾರದಲ್ಲಿ ತಾನೇ ತಿಂದು ಮುಗಿಸುತ್ತೆ. ಅಂದ್ರೆ ಮೇವನ್ನ ಮನೆಯಿಂದ ಹೊತ್ಕೊಂಡು ಹೋಗೋಕೆ ಸಾಧ್ಯವೇ ಇಲ್ಲ. ದಾರಿಯಲ್ಲಿ ಸಿಗಬೇಕು. ನಮ್ಮ ತಾತ ಇದನ್ನ ಒಂದೇ ಮಾತಲ್ಲಿ ಹೇಳಿದ್ರು, ನಾನು ಈ ಲೆಕ್ಕ ಎಲ್ಲ ಒಪ್ಪಿಸಿದ ಮೇಲೆ: "ಅದ್ಕೇನ್ ಮಗ ಅಷ್ಟೊಂದ್ ಲೆಕ್ಕ? ಹುಲ್ಲಿಲ್ದಿರೋ ದಾರೀಲಿ ಯಾವನ್ ಗಾಡಿ ಕಟ್ತಾನೆ?"

ಟಿಪ್ಪು ಸುಲ್ತಾನನಿಗೂ ಇದು ಚೆನ್ನಾಗಿ ಗೊತ್ತಿತ್ತು. ಅವನಪ್ಪ ಹೈದರ್ ವೇಗಕ್ಕೆ ಹೆಸರಾದವನು. ಆ ವೇಗದ ಹಿಂದಿದ್ದದ್ದು ನಮ್ಮ ಅಮೃತ್ ಮಹಲ್ ದನಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಇಲಾಖೆಗೆ ಅಮೃತ್ ಮಹಲ್ ಅಂತ ಹೆಸರಿಟ್ಟವನೇ ಟಿಪ್ಪು. (ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಜಗಳ ಇವತ್ತು ಬೇಡ, ಕಮೆಂಟ್‌ನಲ್ಲೂ ಬೇಡ ಪ್ಲೀಸ್.)

1791ರ ಮೇ ತಿಂಗಳು. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದು, ಕನಕಪುರದ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೊರಟ. ಅವನು ಬರೋ ದಾರಿಯಲ್ಲಿ ಟಿಪ್ಪು ಮೇವೆಲ್ಲ ಸುಡಿಸಿದ್ದ. ಅರಕೆರೆಯಲ್ಲಿ ಹೊಳೆ ದಾಟೋಣ ಅಂದ್ರೆ ಆಗಲಿಲ್ಲ. ಅಲ್ಲಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಗೆದ್ದ, ಆದರೆ ಗೆದ್ದು ಏನು ಮಾಡೋದು? ಎತ್ತುಗಳು ಸಾಲುಸಾಲಾಗಿ ಸಾಯ್ತಿವೆ, ಅಕ್ಕಿ ಇಲ್ಲ, ಮಳೆ ಶುರುವಾಗಿದೆ. ಎಳೆಯೋಕೆ ಎತ್ತಿಲ್ಲ ಅಂತ ತನ್ನ ದೊಡ್ಡ ಫಿರಂಗಿಗಳನ್ನ ತಾನೇ ಒಡೆಸಿ ವಾಪಸ್ ಹೊರಟ. ಕೋಟೆ ಕಣ್ಣಿಗೆ ಕಾಣ್ತಿತ್ತು. ಹೊರಟ ಕೆಲವೇ ದಿನಕ್ಕೆ ಮರಾಠರ ಸೈನ್ಯ ದವಸ, ಧಾನ್ಯ ಹೇರ್ಕೊಂಡು ಎದುರಿಗೆ ಬಂತು! ಸ್ವಲ್ಪ ಮೊದಲೇ ಬಂದಿದ್ರೆ ಅನ್ನಬೇಡಿ. ಸಾಮಾನು ಇದೆ, ಆದರೆ ಬೇಕಾದ ದಿನಕ್ಕೆ ಬೇಕಾದ ಜಾಗದಲ್ಲಿ ಇಲ್ಲ. ಲೀಡ್ ಟೈಮ್ ಅನ್ನೋ ಪದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಎಂಟು ವರ್ಷ ಮುಂದೆ ಬನ್ನಿ. 1799ರ ಫೆಬ್ರವರಿ. ಜನರಲ್ ಹ್ಯಾರಿಸ್ ವೆಲ್ಲೂರಿಂದ ಹೊರಟ. ಜೊತೆಗೆ ಹೈದರಾಬಾದ್ ನಿಜಾಮನ ಸೈನ್ಯ. ಹತ್ತಾರು ಸಾವಿರ ಎತ್ತುಗಳು, ಲಂಬಾಣಿಗರ ಹಿಂಡುಗಳು. ಇಡೀ ಪಟ್ಟಣವೇ ಎದ್ದು ನಡೆದ ಹಾಗೆ. ವೆಲ್ಲೂರಿಂದ ಶ್ರೀರಂಗಪಟ್ಟಣ ಮುನ್ನೂರು ಚಿಲ್ಲರೆ ಕಿಲೋಮೀಟರ್. ಅಷ್ಟು ದೂರಕ್ಕೆ ತಗೊಂಡಿದ್ದು ಸುಮಾರು 50 ದಿನ. ದಾರಿಯುದ್ದಕ್ಕೂ ಎತ್ತುಗಳು ಬಿದ್ದು ಸತ್ತವು, ಹೊತ್ತಿದ್ದ ಗುಂಡುಗಳನ್ನ ಅಲ್ಲಲ್ಲೇ ಬಿಟ್ಟು ಬರಬೇಕಾಯ್ತು. 1791ರ ಸಿನಿಮಾನೇ ಮತ್ತೆ ಓಡ್ತಿತ್ತು.

ಮಾರ್ಚ್ 27ಕ್ಕೆ ಮಳವಳ್ಳಿಯಲ್ಲಿ ಕಾಳಗ ಆಯ್ತು. ಟಿಪ್ಪು ಹಿಂದೆ ಸರಿದ. ಅವನ ಲೆಕ್ಕ ಏನು? ಇವರೂ ಕಾರ್ನ್‌ವಾಲಿಸ್ ತರಾನೇ ಹೊಳೆಯ ಉತ್ತರ ದಡ ಹಿಡಿದು ಅರಕೆರೆ ಕಡೆಗೆ ಬರ್ತಾರೆ, ಅಲ್ಲಿ ಮೇವು ಇಲ್ಲ, ಮತ್ತೆ ಹಸಿವು ಕೆಲಸ ಮಾಡುತ್ತೆ. ಒಂದು ಸಲ ಗೆಲ್ಲಿಸಿದ ಪ್ಲಾನ್ ಅಲ್ವಾ?

ಹ್ಯಾರಿಸ್ ಆ ದಾರಿಗೆ ಹೋಗಲೇ ಇಲ್ಲ. ಮಳವಳ್ಳಿಯಿಂದ ಎಡಕ್ಕೆ ತಿರುಗಿ ಸೋಸಲೆಗೆ ಬಂದ. ಅಲ್ಲಿ ಕಾವೇರಿಯನ್ನ ಬೇಸಿಗೆಯಲ್ಲಿ ನಡ್ಕೊಂಡೇ ದಾಟಬಹುದಾದ ಜಾಗ ಇತ್ತು. ಮಾರ್ಚ್ 30ರ ಹೊತ್ತಿಗೆ ಸೈನ್ಯ ಹೊಳೆ ದಾಟಿತ್ತು. ಯುದ್ಧದ ದಾರಿ ಇದಲ್ಲ ಅಂತ ಎಲ್ಲರೂ ನಂಬಿದ್ದರಿಂದ ಈ ಕಡೆ ಮೇವು ಸುಟ್ಟಿರಲಿಲ್ಲ. ಹುಲ್ಲು, ಧಾನ್ಯ, ದನ ಎಲ್ಲ ಸಿಕ್ಕಿತು. ಬ್ರಿಟಿಷರು ಇದನ್ನ ಖುಷಿಯಿಂದ ಬರೆದುಕೊಂಡಿದ್ದಾರೆ.

ನಾನು ಇಲ್ಲಿ ಒಂದ್ನಿಮಿಷ ನಿಲ್ತೀನಿ. "ಸಿಕ್ಕಿತು" ಅಂದ್ನಲ್ಲ, ಯಾರದ್ದು ಸಿಕ್ಕಿತು? ಆ ಬಣವೆ ಯಾವುದೋ ಮನೆಯವರು ಮಳೆಗಾಲದವರೆಗೆ ಅಂತ ಒಟ್ಟಿದ್ದು. ಮಾರ್ಚ್ ಕೊನೇಲಿ ಹುಲ್ಲು ಹೋದ್ರೆ ಜೂನಲ್ಲಿ ಉಳೋಕೆ ಎತ್ತು ಎಲ್ಲಿರುತ್ತೆ? ಹೊಳೆಯ ಒಂದು ದಡದಲ್ಲಿ ತಮ್ಮ ರಾಜನೇ ಮೇವು ಸುಡಿಸಿದ, ಇನ್ನೊಂದು ದಡದಲ್ಲಿ ಶತ್ರು ಬಂದು ಮೇಯಿಸಿದ. ಎರಡೂ ಕಡೆ ಬೆಲೆ ಕಟ್ಟಿದ್ದು ರೈತರೇ. ಸಪ್ಲೈ ಚೈನ್ ಚಿತ್ರ ಬರೆಯುವಾಗ ನಾವು ಬಾಣದ ಗುರುತು ಹಾಕ್ತೀವಲ್ಲ, ಮೊದಲನೇ ಡಬ್ಬಿಯಲ್ಲಿ ಸಪ್ಲೈಯರ್ ಅಂತ ಇರುತ್ತೆ. ಸೋಸಲೆಯಲ್ಲಿ ಆ ಡಬ್ಬಿಯಲ್ಲಿದ್ದವರು ಇವರು.

ಏಪ್ರಿಲ್ 5ಕ್ಕೆ ಹ್ಯಾರಿಸ್ ಶ್ರೀರಂಗಪಟ್ಟಣದ ಮುಂದೆ ಡೇರೆ ಹಾಕಿದ. ಕತೆ ಮುಗೀತು ಅಂದ್ಕೊಂಡ್ರಾ? ಏಪ್ರಿಲ್ 16ಕ್ಕೆ ಅಕ್ಕಿ ಮೂಟೆಗಳನ್ನ ಬಿಚ್ಚಿ ಅಳೆಸಿದರು. ಲೆಕ್ಕದಲ್ಲಿ ಇದ್ದಷ್ಟು ಮೂಟೆಯೊಳಗೆ ಇರಲಿಲ್ಲ. ಸೋರಿದ್ದೋ, ಕದ್ದಿದ್ದೋ. ಹೋರಾಡೋ ಜನಕ್ಕೆ ಮಾತ್ರ, ಅದೂ ಅರ್ಧ ಹೊಟ್ಟೆಗೆ, 18 ದಿನಕ್ಕೆ ಸಾಲುವಷ್ಟು. ಮೇ 6ರೊಳಗೆ ಹೊರಗಿಂದ ದಾಸ್ತಾನು ಬರಲೇಬೇಕು ಅಂತ ಹ್ಯಾರಿಸ್ ದಿನಚರಿಯಲ್ಲಿ ಬರೆದ.

ಇದನ್ನ ಓದಿದಾಗ ನನಗೆ ಮೈ ಜುಮ್ ಅಂತು. ಡಿಗ್ರಿ ಆದ್ಮೇಲೆ ನಂಜನಗೂಡು ಕಡೆ ಒಂದು ಗೋಡೌನಲ್ಲಿ ಎಂಟು ತಿಂಗಳು ಕೆಲಸ ಮಾಡಿದೀನಿ. ವರ್ಷದ ಕೊನೇ ಸ್ಟಾಕ್ ಎಣಿಕೆ. ಕಂಪ್ಯೂಟರಲ್ಲಿ ಒಂದು ಸಂಖ್ಯೆ, ನೆಲದ ಮೇಲೆ ಇನ್ನೊಂದು. ರಾತ್ರಿ ಹನ್ನೊಂದರವರೆಗೆ ಮೂರು ಸಲ ಎಣಿಸಿದ್ವಿ. ಆಮೇಲೆ ತಪ್ಪೆಲ್ಲ ಲೋಡಿಂಗ್ ಮಾಡ್ತಿದ್ದ ಹುಡುಗನ ತಲೆಗೆ ಕಟ್ಟಿದರು. ಎಂಟ್ರಿ ಮಾಡ್ತಿದ್ದವನು ನಾನು. ನಾನೂ ಬಾಯಿ ಬಿಡಲಿಲ್ಲ. ಆ ಹುಡುಗ ಮಾರನೇ ದಿನದಿಂದ ಬರಲಿಲ್ಲ.

ಹ್ಯಾರಿಸ್ ಕಡೆಗೆ ಬರೋಣ. ಅವನಿಗೆ ಎರಡು ಗಡಿಯಾರ ಓಡ್ತಿದ್ದವು, ಒಂದು ಅಕ್ಕಿದು, ಇನ್ನೊಂದು ಮುಂಗಾರಿಂದು. ಕಾವೇರಿ ತುಂಬಿದ್ರೆ ಕೋಟೆಗೆ ನುಗ್ಗೋದು ಅಸಾಧ್ಯ. ಮೇ 4ರ ಮಧ್ಯಾಹ್ನ ದಾಳಿ ನಡೆಯಿತು, ಅವನೇ ಹಾಕ್ಕೊಂಡಿದ್ದ ಗಡುವಿಗೆ ಎರಡು ದಿನ ಮೊದಲು. ಡೇರೆ ಬಾಗಿಲಲ್ಲಿ ನಿಂತಿದ್ದ ಕಾವಲಿನವನು ಹಸಿವಿಂದ ಎಷ್ಟು ಸೊರಗಿದ್ದ ಅಂದ್ರೆ ತಳ್ಳಿದ್ರೆ ಬೀಳ್ತಿದ್ದ, ಸೋತಿದ್ರೆ ನಾವ್ಯಾರೂ ಉಳೀತಿರಲಿಲ್ಲ ಅನ್ನೋ ಅರ್ಥದಲ್ಲಿ ಹ್ಯಾರಿಸ್ ಜಾನ್ ಮಾಲ್ಕಮ್‌ಗೆ ಹೇಳಿದ್ದನಂತೆ.

ನಾವು ಶಾಲೆಯಲ್ಲಿ ಕಲಿತಿದ್ದು ಮೀರ್ ಸಾದಿಕ್‌ನ ದ್ರೋಹ ಅಷ್ಟೇ. ದ್ರೋಹ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಟಿಪ್ಪು ಆ ಒಂದು ದಡದ ಮೇವನ್ನೂ ಸುಡಿಸಿದ್ದಿದ್ರೆ ದ್ರೋಹ ಮಾಡೋ ದಿನದವರೆಗೆ ಹ್ಯಾರಿಸ್ ಬದುಕಿರ್ತಿದ್ನಾ ಅಂತ ನನ್ನ ಅನುಮಾನ. ಒಂದೇ ದಾರಿ ಮೇಲೆ ಎಲ್ಲ ಪಣ ಇಟ್ಟಿದ್ದು ಅವನ ತಪ್ಪು.

ನಂಜನಗೂಡಿನ ಹಳೇ ಸೇತುವೆ ನೋಡಿದೀರಲ್ಲ? ಕಪಿಲೆ ಮೇಲೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಮುಂದೆ ಅದರ ಮೇಲೇ ರೈಲು ಹಳಿಯನ್ನೂ ಹಾಸಿದರು. ಕಾಲೇಜಿಗೆ ಹೋಗುವಾಗ ಪಕ್ಕದ ಹೊಸ ಸೇತುವೆಯಿಂದ ದಿನಾ ಅದನ್ನ ನೋಡ್ತಿದ್ದೆ. ಸೋಸಲೆ ಓದಿದ ಮೇಲೆ ಬೇರೆ ತರ ಕಾಣುತ್ತೆ. ಸೇತುವೆ ಇದ್ದರೆ ಹೊಳೆ ಯಾವಾಗ ಇಳಿಯುತ್ತೆ ಅಂತ ಕಾಯೋ ಹಾಗಿಲ್ಲ.

ಹೋದ ತಿಂಗಳು ಬೈಕಲ್ಲಿ ಸೋಸಲೆಗೆ ಹೋಗಿದ್ದೆ. ಇಲ್ಲೇ ದಾಟಿದ್ದು ಅಂತ ಹೇಳೋ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ದಡದಲ್ಲಿ ದನ ಮೈ ತೊಳೀತಿದ್ದ ಒಬ್ಬ ಯಜಮಾನರನ್ನ ಕೇಳಿದೆ, ಬೇಸಿಗೇಲಿ ಇಲ್ಲಿ ನಡ್ಕೊಂಡು ದಾಟಬಹುದಾ ಅಂತ. "ಎಲ್ ದಾಟ್ಬೇಕು ಅಂತ ಗೊತ್ತಿದ್ರೆ ದಾಟ್ಬೋದು ಕಣಪ್ಪ, ನಿಂಗ್ಯಾಕೆ?" ಅಂದ್ರು. ನಾನು ಕತೆ ಪೂರ್ತಿ ಹೇಳಿದೆ. ಕೇಳಿಸ್ಕೊಂಡು, ಎತ್ತಿನ ಬೆನ್ನ ಮೇಲೆ ಇನ್ನೊಂದು ಬೊಗಸೆ ನೀರು ಹಾಕಿ ಕೇಳಿದ್ರು: "ಮೇವಿಗೆ ದುಡ್ಡು ಕೊಟ್ರಂತಾ?"