ಚಿಪ್ ಪಾಠ ಕಟ್ಟಿದವರ ಋಣ

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಸ್ಪೈಸ್ ಗೊತ್ತಿರುತ್ತದೆ. ಸರ್ಕ್ಯೂಟನ್ನು ಬೆಸುಗೆ ಹಾಕುವ ಮೊದಲೇ ಅದು ಹೇಗೆ ವರ್ತಿಸೀತೆಂದು ಲೆಕ್ಕ ಹಾಕಿ ತೋರಿಸುವ ತಂತ್ರಾಂಶ ಅದು. ಅದು ಹುಟ್ಟಿದ್ದು ಒಂದು ತರಗತಿಯಲ್ಲಿ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಅಪರೂಪ.

1969–70ರ ಸುಮಾರಿಗೆ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ರೋರರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಪಂಥ ಒಡ್ಡಿದರು: ಎಲ್ಲರೂ ಸೇರಿ ಸರ್ಕ್ಯೂಟ್ ಸಿಮ್ಯುಲೇಟರ್ ಬರೆಯಿರಿ, ಅಲ್ಲಿನ ಪ್ರಾಧ್ಯಾಪಕ ಡೊನಾಲ್ಡ್ ಪೆಡರ್ಸನ್ ಮೆಚ್ಚಿದರೆ ಎಲ್ಲರೂ ಪಾಸು. ಹಾಗೆ ಸಿದ್ಧವಾದದ್ದು ‘ಕ್ಯಾನ್ಸರ್’ ಎಂಬ ಪ್ರೋಗ್ರಾಮ್. ಆ ತರಗತಿಯಲ್ಲಿದ್ದ ಲಾರೆನ್ಸ್ ನೇಗಲ್ ಮುಂದೆ ಪೆಡರ್ಸನ್ನರ ಮಾರ್ಗದರ್ಶನದಲ್ಲಿ ಅದನ್ನು ಸ್ಪೈಸ್ ಆಗಿ ಬೆಳೆಸಿ, 1973ರಲ್ಲಿ ಲೋಕದ ಮುಂದಿಟ್ಟರು. ಎರಡನೆಯ ಆವೃತ್ತಿ 1975ರಲ್ಲಿ ಬಂತು. ಅದನ್ನು ಗಟ್ಟಿಗೊಳಿಸಿ ಅದರ ಒಳರಚನೆಯನ್ನು ದಾಖಲಿಸಿದ ಎಲ್ಲಿಸ್ ಕೋಹೆನ್ ಅವರನ್ನು ನೆನೆಯುವವರು ಇಂದು ವಿರಳ. ನನ್ನ ದೃಷ್ಟಿಯಲ್ಲಿ ಅವರ ಪಾಲು ಸಣ್ಣದಲ್ಲ. ಬರೆದವರ ತಲೆಯಲ್ಲಷ್ಟೇ ಉಳಿದ ಪ್ರೋಗ್ರಾಮನ್ನು ಮುಂದಿನ ತಲೆಮಾರು ತಿದ್ದಿ ಬೆಳೆಸಲಾರದು.

ಪೆಡರ್ಸನ್ ಹಿಡಿದ ಹಟವೂ ದೊಡ್ಡದು. ಪ್ರೋಗ್ರಾಮಿನ ಮೂಲ ಸಂಕೇತ ಕೇಳಿದವರಿಗೆಲ್ಲ ಸಿಗಬೇಕೆಂದರು. ಹಾಗಾಗಿ ಪದವಿ ಮುಗಿಸಿ ಹೊರಟ ವಿದ್ಯಾರ್ಥಿಗಳು ಅದನ್ನು ತಾವು ಸೇರಿದ ಕಂಪನಿಗಳಿಗೆ ಕೊಂಡೊಯ್ದರು, ಅಲ್ಲಿ ಕಂಡ ದೋಷಗಳ ಸುದ್ದಿ ಮತ್ತೆ ಬರ್ಕ್‌ಲಿಗೆ ತಲುಪಿತು. ಇಂದು ಬಳಕೆಯಲ್ಲಿರುವ ಎನ್‌ಜಿಸ್ಪೈಸ್ ಈ ವಂಶದ್ದೇ.

ಸ್ಪೈಸ್ ಲೆಕ್ಕಕ್ಕೆ ಒದಗಿತು. ಚಿಪ್ಪನ್ನೇ ವಿದ್ಯಾರ್ಥಿಯ ಕೈಗೆ ಕೊಟ್ಟದ್ದು ಇನ್ನೊಂದು ಕೋರ್ಸು. 1978ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಲಿನ್ ಕಾನ್ವೇ ಎಂಐಟಿಗೆ ಹೋಗಿ, ಕಾರ್ವರ್ ಮೀಡ್ ಜೊತೆ ಬರೆಯುತ್ತಿದ್ದ ಪುಸ್ತಕದ ಕರಡನ್ನೇ ಹಿಡಿದು ವಿಎಲ್ಎಸ್ಐ, ಅಂದರೆ ಸಾವಿರಾರು ಟ್ರಾನ್ಸಿಸ್ಟರುಗಳ ಚಿಪ್, ವಿನ್ಯಾಸ ಕಲಿಸಿದರು. ವಿದ್ಯಾರ್ಥಿಗಳು ಬಿಡಿಸಿದ ವಿನ್ಯಾಸಗಳು ಸಿಲಿಕಾನ್ ಆಗಿ ಮರಳಿದವು. ಮರುವರ್ಷ ಅದೇ ಪ್ರಯೋಗ 12 ವಿಶ್ವವಿದ್ಯಾಲಯಗಳಿಗೆ ಹಬ್ಬಿತು: 124 ವಿನ್ಯಾಸಕಾರರು, 82 ವಿನ್ಯಾಸಗಳು. ಆರ್ಪಾನೆಟ್ ಮೂಲಕ ಬಂದ ಈ ರಾಶಿಯನ್ನು ವೇಫರ್‌ಗಳ ಮೇಲೆ ಹೊಂದಿಸುವ ತಂತ್ರಾಂಶದ ಹಿಂದೆ ಅಲನ್ ಬೆಲ್ ಇದ್ದರು. ಚಿಪ್ ತಯಾರಿಸಿಕೊಟ್ಟದ್ದು ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಪ್ಯಾಟ್ ಕ್ಯಾಸ್ಟ್ರೋ ಅವರ ತಂಡ. ಕೋರ್ಸೆಂದರೆ ಉಪನ್ಯಾಸಕರು ಮತ್ತು ಪುಸ್ತಕ ಎಂದುಕೊಳ್ಳುವವರು ಈ ಇಬ್ಬರ ಕೆಲಸವನ್ನು ಗಮನಿಸಬೇಕು. ಅವರಿಲ್ಲದಿದ್ದರೆ ಆ 82 ವಿನ್ಯಾಸಗಳು ಕಾಗದದ ಮೇಲಿನ ಚಿತ್ರಗಳಾಗಿಯೇ ಉಳಿಯುತ್ತಿದ್ದವು. 1981ರಲ್ಲಿ ಹೀಗೆ ಚಿಪ್ ಮಾಡಿಸಿಕೊಡುವ ಸೇವೆ ಮೋಸಿಸ್ ಎಂಬ ಸಂಸ್ಥೆಯಾಗಿ ನೆಲೆಯೂರಿತು. ಅದೇ ದಶಕದಲ್ಲಿ ಬರ್ಕ್‌ಲಿಯ ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಚಿಪ್ ನಕ್ಷೆ ಬಿಡಿಸಲು ‘ಮ್ಯಾಜಿಕ್’ ಬರೆದರು.

ಮನ್ನಣೆ ಮಾತ್ರ ಸಮನಾಗಿ ಹಂಚಿಕೆಯಾಗಲಿಲ್ಲ. ಲಿಂಗ ಪರಿವರ್ತನೆಯ ಕಾರಣಕ್ಕೆ 1968ರಲ್ಲಿ ಕಾನ್ವೇ ಅವರನ್ನು ಕೆಲಸದಿಂದ ತೆಗೆದಿದ್ದ ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ. ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಮೀಡ್ 2009ರಲ್ಲಿ ಸೇರಿದರು. ಕಾನ್ವೇ ಹೆಸರು ಬಂದದ್ದು 2023ರಲ್ಲಿ. ಮರುವರ್ಷ ಅವರು ತೀರಿಕೊಂಡರು. ಒಂದೇ ಪುಸ್ತಕದ ಇಬ್ಬರು ಲೇಖಕರ ನಡುವೆ 14 ವರ್ಷಗಳ ಅಂತರ ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಇವರೆಲ್ಲರ ಋಣ ನಮ್ಮ ಮೇಲೂ ಇದೆ. ಬಾಂಬೆ ಐಐಟಿಯ ಫಾಸ್ಸಿ ಯೋಜನೆ ಎನ್‌ಜಿಸ್ಪೈಸ್ ಮತ್ತು ಸರ್ಕ್ಯೂಟ್ ನಕ್ಷೆ ಬಿಡಿಸುವ ಕೈಕ್ಯಾಡ್‌ಗಳನ್ನು ಜೋಡಿಸಿ ಇಸಿಮ್ ಎಂಬ ಮುಕ್ತ ತಂತ್ರಾಂಶ ಕಟ್ಟಿದೆ. ದುಬಾರಿ ಲೈಸೆನ್ಸ್ ಕೊಳ್ಳಲಾಗದ ಕಾಲೇಜಿನ ಹುಡುಗ ಹುಡುಗಿಯರಿಗೂ ಅದು ಸಿಗುತ್ತದೆ. ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ, ತಂದೆತಾಯಿಗೆ ಕೃತಜ್ಞತೆ ಸಲ್ಲಿಸುವ ಪುಟ ಇದ್ದೇ ಇರುತ್ತದೆ. ತಾವು ಬಳಸಿದ ಸಿಮ್ಯುಲೇಟರನ್ನು ಬರೆದವರಿಗೆ, ತಿದ್ದಿದವರಿಗೆ, ಕೈಪಿಡಿ ಸಿದ್ಧಪಡಿಸಿದವರಿಗೆ ಅಲ್ಲಿ ಇನ್ನೊಂದು ಸಾಲು ಸೇರಲಿ.