ಇತಿಹಾಸದ ಮಗ್ಗುಲಲ್ಲಿ ಒಂದು ಕೋಣೆ



ಕಳೆದ ಡಿಸೆಂಬರ್‌ನಲ್ಲಿ ಧಾರವಾಡದಿಂದ ಅಪ್ಪ, ಅವ್ವ, ಇಬ್ಬರು ಮೌಶಿಯರು ಪುಣೆ ನೋಡಲು ಬಂದಿದ್ದರು. ಕೊಂಢವಾದ ನಮ್ಮ ಫ್ಲ್ಯಾಟ್‌ನಲ್ಲಿ ಹೇಗೋ ಹಾಸಿಗೆ ಹಾಸಬಹುದಿತ್ತು. ಆದರೆ ದಿನಾ ಟ್ರಾಫಿಕ್ ದಾಟಿ ಪೇಟೆಗೆ ಹೋಗಿಬರುವುದು ಅವ್ವನ ಮೊಣಕಾಲಿಗೆ ಆಗದ ಮಾತು. ಅದಕ್ಕೇ ಎರಡು ರಾತ್ರಿಗೆ ಶನಿವಾರವಾಡಾದ ಹತ್ತಿರ ಗೆಸ್ಟ್‌ಹೌಸ್ ಹುಡುಕಿದೆ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ದುಡ್ಡು ಕಟ್ಟಿದೆ. ಆಮೇಲೆ ಫೋನ್ ಮಾಡಿದರೆ ಕೋಣೆ ಮೂರನೇ ಮಹಡಿ, ಲಿಫ್ಟ್ ಇಲ್ಲ!

ಅವ್ವ ನಕ್ಕಳು: "ನಮ್ಮ ಕಾಲಕ್ಕ ಧರ್ಮಶಾಲಾ ಇರ್ತಿದ್ವು ನೋಡವಾ. ಹಾಸಿಗಿ ಸುರುಳಿ ಕಟ್ಕೊಂಡು ಹೋದ್ರ ಮುಗೀತು."

ಆ ಮಾತು ನನ್ನನ್ನು ಇತಿಹಾಸಕ್ಕೆ ಎಳೆಯಿತು. 1767ರಿಂದ 1795ರವರೆಗೆ ಆಳಿದ ಅಹಿಲ್ಯಾಬಾಯಿ ಹೋಳ್ಕರ್ ತನ್ನ ಸೀಮೆಯಾಚೆಗೂ ದೇಗುಲ, ಘಾಟ್, ಧರ್ಮಶಾಲೆ ಕಟ್ಟಿಸಿದಳು. ದಾರಿಹೋಕರಿಗೆ ಸೂರು ಬೇಕೆಂದು ಯೋಚಿಸಿದವಳು ಒಬ್ಬ ಹೆಣ್ಣುಮಗಳು ಎಂಬುದು ನಮಗೆ ಹೆಮ್ಮೆ.

ಕೊನೆಗೆ ನಾರಾಯಣ ಪೇಟೆಯಲ್ಲಿ ನೆಲಮಹಡಿಯ ಕೋಣೆ ಸಿಕ್ಕಿತು. ಅಲ್ಲಿಂದ ಎಲ್ಲವೂ ಹತ್ತಿರ. 1732ರಲ್ಲಿ ಮುಗಿದ ಶನಿವಾರವಾಡಾದ ಅರಮನೆ 1828ರ ಬೆಂಕಿಗೆ ಆಹುತಿಯಾಯಿತು. ಕೋಟೆಗೋಡೆ, ದಿಲ್ಲಿ ದರವಾಜಾ ಉಳಿದಿವೆ. ಪಕ್ಕದಲ್ಲೇ ಲಾಲ್ ಮಹಲ್, ಜೀಜಾಬಾಯಿ ಮಗ ಶಿವಾಜಿಯನ್ನು ಬೆಳೆಸಿದ ಮನೆ. ಈಗಿರುವುದು ಹೊಸದಾಗಿ ಕಟ್ಟಿದ ಕಟ್ಟಡ. ಆ ಮನೆಯಲ್ಲಿ ಕರೆಯದೆ ಬಂದು ಬಿಡಾರ ಹೂಡಿದವನು ಮೊಗಲ್ ಸರದಾರ ಶಾಯಿಸ್ತಾ ಖಾನ್. 1663ರ ಏಪ್ರಿಲ್‌ನ ಒಂದು ರಾತ್ರಿ ಶಿವಾಜಿ ಒಳನುಗ್ಗಿದಾಗ ಖಾನ್ ಬೆರಳು ಕಳೆದುಕೊಂಡು ಪಾರಾದ. "ಬಾಡಿಗಿ ಕೊಡದ ಇದ್ರ ಹಂಗ ಆಗೂದು" ಎಂದರು ಮೌಶಿ!

ಮರುದಿನ ಆಗಾ ಖಾನ್ ಅರಮನೆ. ಅಲ್ಲಿ ನಮ್ಮ ನಗು ನಿಂತಿತು. 1942ರ ಆಗಸ್ಟ್‌ನಲ್ಲಿ ಗಾಂಧೀಜಿ, ಕಸ್ತೂರಬಾ ಅವರನ್ನು ಸೆರೆಯಿಟ್ಟದ್ದು ಈ ಬಂಗಲೆಯಲ್ಲಿ. ದೊಡ್ಡ ವರಾಂಡಾ, ಎತ್ತರದ ಕಮಾನು, ಸುತ್ತ ತೋಟ. ಆದರೂ ಬಾ ಅಲ್ಲಿಂದ ಮನೆಗೆ ಮರಳಲಿಲ್ಲ. 1944ರ ಫೆಬ್ರವರಿ 22ರಂದು ಅಲ್ಲೇ ತೀರಿಕೊಂಡರು. ಗಾಂಧೀಜಿಯ ಬಿಡುಗಡೆಯಾದದ್ದು ಎರಡೂವರೆ ತಿಂಗಳ ನಂತರ. ಸಮಾಧಿಯ ಬಳಿ ಅವ್ವ ಬಹಳ ಹೊತ್ತು ಕುಳಿತಳು. "ಎಷ್ಟ ದೊಡ್ಡ ಮನಿ ಇದ್ರೇನು, ಬಾಗಲಾ ತೆಗಿಯೂದು ನಮ್ಮ ಕೈಯಾಗ ಇರಬೇಕವಾ" ಎಂದಳು.

ಊರಿಂದ ನಿಮ್ಮವರು ಬಂದಾಗ ನೀವೂ ಕರೆದೊಯ್ಯಿರಿ. ಕೋಣೆ ಹಿಡಿಯುವ ಮುಂಚೆ ಫೋನ್ ಮಾಡಿ ಲಿಫ್ಟ್, ಬಿಸಿನೀರು, ಕಮೋಡ್, ರಿಕ್ಷಾ ಬಾಗಿಲ ತನಕ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಮನೆಗೆ ಮರಳುವಾಗ ನಮ್ಮ ಪಕ್ಕದ ವಾನವಡಿಯಲ್ಲೇ ಇರುವ ಶಿಂದೆ ಛತ್ರಿ ನೋಡಲು ಮರೆಯಬೇಡಿ. 1794ರಲ್ಲಿ ತೀರಿಕೊಂಡ ಮಹಾದಜಿ ಶಿಂದೆಯ ಸ್ಮಾರಕವದು. ಐದು ವರ್ಷ ಅದರ ಮುಂದೆಯೇ ಆಫೀಸಿಗೆ ಓಡಾಡಿದ ನಾನು ಒಳಗೆ ಕಾಲಿಟ್ಟದ್ದು ಅವ್ವನ ಕೈ ಹಿಡಿದುಕೊಂಡೇ.